ಹೋಮ್ ಲೋನ್ ಬೇಗ ತೀರಿಸೋ ಆತುರ, ಮನೆಖರ್ಚಿಗೆ ಕಾರ್ಡ್ ಸಾಲ: 1786ರಲ್ಲೇ ಆಗಿದ್ದ ಎಡವಟ್ಟು

ನಮಸ್ಕಾರ. ಈ ವಾರದ ವಿಡಿಯೋಗೆ ಕಾರಣ ಒಬ್ಬ ವೀಕ್ಷಕರ ಪ್ರಶ್ನೆ. "ಹೋಮ್ ಲೋನಿಗೆ ಪ್ರತಿ ತಿಂಗಳೂ ಇಎಂಐ ಜತೆ ಒಂದಿಷ್ಟು ಜಾಸ್ತಿ ಕಟ್ಟುತ್ತಿದ್ದೇವೆ. ಸಾಲವೂ ಇಳಿಯುತ್ತಿದೆ. ಆದರೆ ಇಪ್ಪತ್ತನೇ ತಾರೀಕು ದಾಟಿದರೆ ಮನೆಖರ್ಚಿಗೆ ಕ್ರೆಡಿಟ್ ಕಾರ್ಡೇ ಗತಿ. ನಾವು ಮುಂದೆ ಹೋಗುತ್ತಿದ್ದೇವಾ, ಹಿಂದೆ ಹೋಗುತ್ತಿದ್ದೇವಾ?"

ಇದಕ್ಕೆ ಒಂದು ಸಾಲಿನ ಉತ್ತರ ಕೊಡಬಹುದಿತ್ತು. ಆದರೆ ಹುಡುಕುತ್ತಾ ಹೋದಾಗ, ಇದೇ ಕೆಲಸವನ್ನು ಒಂದು ಇಡೀ ದೇಶ ವರ್ಷಗಟ್ಟಲೆ ಮಾಡಿತ್ತು ಅಂತ ಗೊತ್ತಾಯಿತು. ಅದನ್ನು ಹೇಳದೆ ಬಿಡೋಕೆ ಮನಸ್ಸಾಗಲಿಲ್ಲ.

ಮೊದಲು ಲೆಕ್ಕದ ಬುಡ. ಬೇಗ ಮುಗಿಸಿಬಿಡೋಣ.

[ತೆರೆಯ ಮೇಲೆ: ಸಾಲ 10 ಲಕ್ಷ, ಬಡ್ಡಿ 8%, ಅವಧಿ 20 ವರ್ಷ]

ಯಾವ ದೇಶದ ದುಡ್ಡು ಅಂತ ಕೇಳಬೇಡಿ, ಲೆಕ್ಕ ಎಲ್ಲಕ್ಕೂ ಒಂದೇ. ತಿಂಗಳ ಕಂತು 8,364. ಮೊದಲ ತಿಂಗಳು ಅದರಲ್ಲಿ 6,667 ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು 1,697. ಕಂತಿನಲ್ಲಿ ಅಸಲಿನ ಪಾಲು ಬಡ್ಡಿಯ ಪಾಲನ್ನು ದಾಟುವ ಹೊತ್ತಿಗೆ 12ನೇ ವರ್ಷ ನಡೆಯುತ್ತಿರುತ್ತದೆ. ಅರ್ಧ ಅಸಲು ತೀರಬೇಕಾದರೆ 14ನೇ ವರ್ಷದವರೆಗೆ ಕಾಯಬೇಕು. 20 ವರ್ಷಕ್ಕೆ ಒಟ್ಟು ಬಡ್ಡಿ 10 ಲಕ್ಷದ ಮೇಲೆ, ಅಂದರೆ ಅಸಲಿನಷ್ಟೇ ಬಡ್ಡಿ.

ಇದನ್ನು ನೋಡಿದವರೆಲ್ಲ ಹೇಳುವುದು ಒಂದೇ ಮಾತು: "ಬ್ಯಾಂಕಿನವರು ಮೊದಲು ಬಡ್ಡಿ ನುಂಗಿ, ಆಮೇಲೆ ಅಸಲಿಗೆ ಕೈ ಹಾಕುತ್ತಾರೆ." ಇಲ್ಲ ಮಾರಾಯ್ರೇ. ಬ್ಯಾಂಕು ಪ್ರತಿ ತಿಂಗಳೂ ಬಾಕಿ ಉಳಿದ ಅಸಲಿನ ಮೇಲೆ 8 ಪರ್ಸೆಂಟಿನ ಹನ್ನೆರಡನೇ ಒಂದು ಭಾಗ ಕೇಳುತ್ತದೆ, ಅಷ್ಟೇ. ಶುರುವಿನಲ್ಲಿ ಬಾಕಿ ಜಾಸ್ತಿ, ಹಾಗಾಗಿ ಬಡ್ಡಿಯೂ ಜಾಸ್ತಿ. ಬ್ಯಾಂಕುಗಳ ಮೇಲೆ ಬೈಯೋಕೆ ಬೇರೆ ಕಾರಣ ಬೇಕಾದಷ್ಟಿವೆ, ಇದೊಂದನ್ನು ಬಿಟ್ಟುಬಿಡಿ. ಅಮೆರಿಕದಲ್ಲಿ 1930ರ ದಶಕದವರೆಗೂ ಬಹಳಷ್ಟು ಮನೆಸಾಲಗಳು ಕೆಲವೇ ವರ್ಷದವು. ಬರೀ ಬಡ್ಡಿ ಕಟ್ಟುತ್ತಾ ಹೋಗಬೇಕು, ಕೊನೆಗೆ ಇಡೀ ಅಸಲು ಒಟ್ಟಿಗೆ ಕಟ್ಟಬೇಕು, ಇಲ್ಲವೇ ಹೊಸ ಸಾಲ ಮಾಡಬೇಕು. ಆರ್ಥಿಕ ಮಹಾ ಕುಸಿತ ಬಂದಾಗ ಹೊಸ ಸಾಲ ಕೊಡೋರೇ ಇರಲಿಲ್ಲ. ಮನೆಗಳು ಹೋದವು. ಅಸಲು-ಬಡ್ಡಿ ಸೇರಿಸಿ ದೀರ್ಘಾವಧಿಗೆ ಕಟ್ಟುವ ಕಂತನ್ನು ಅಲ್ಲಿನ ಸರ್ಕಾರ ಬಳಕೆಗೆ ತಂದಿದ್ದು ಅದಾದ ಮೇಲೆ. ಅಂದರೆ ಈ ಇಎಂಐ ನಮ್ಮ ಶತ್ರು ಏನಲ್ಲ.

ಈಗ ಜಾಸ್ತಿ ಕಟ್ಟಿದರೆ ಏನಾಗುತ್ತದೆ? ಇಲ್ಲಿ ನನಗೆ ನಿಜಕ್ಕೂ ಆಶ್ಚರ್ಯ ಆಯಿತು.

[ತೆರೆಯ ಮೇಲೆ: ತಿಂಗಳಿಗೆ 1,000 ಜಾಸ್ತಿ = 52 ತಿಂಗಳು ಕಡಿಮೆ]

ಮೊದಲ ತಿಂಗಳಿನಿಂದಲೇ ಇಎಂಐ ಜತೆ ಸಾವಿರ ಜಾಸ್ತಿ ಕಟ್ಟಿದರೆ ಸಾಲ ಸುಮಾರು 52 ತಿಂಗಳು ಮುಂಚೆ ಮುಗಿಯುತ್ತದೆ. ಎರಡು ಸಾವಿರ ಕಟ್ಟಿದರೆ 84 ತಿಂಗಳು. 20 ವರ್ಷದ ಸಾಲ 13 ವರ್ಷಕ್ಕೆ ಬಂತು, ಬಡ್ಡಿಯಲ್ಲಿ ಸುಮಾರು 4 ಲಕ್ಷ ಉಳಿಯಿತು. ಸರಿ, ಹಾಗಾದರೆ ಐದು ಸಾವಿರ ಕಟ್ಟೋಣ. ಸಾಲ ಎಂಟು ವರ್ಷ ಎಂಟು ತಿಂಗಳಿಗೆ ಮುಗಿಯುತ್ತದೆ.

ಕೇಳೋಕೆ ಭರ್ಜರಿಯಾಗಿದೆ. ಆದರೆ ಬಿಡಿಸಿ ನೋಡಿ. ಮೊದಲ ಸಾವಿರ ನಾಲ್ಕು ವರ್ಷಕ್ಕೂ ಜಾಸ್ತಿ ಕಡಿಮೆ ಮಾಡಿತು. ಎರಡನೇ ಸಾವಿರ ಎರಡೂವರೆ ವರ್ಷದಷ್ಟು. ಅದರ ಮೇಲಿನ ಮೂರು ಸಾವಿರ ಸೇರಿ ಮಾಡಿದ ಕೆಲಸ ನಾಲ್ಕು ವರ್ಷ ಚಿಲ್ಲರೆ. ಅಂದರೆ ಮೊದಲ ಸಾವಿರ ಒಂದೇ ಮಾಡಿದ ಕೆಲಸಕ್ಕೆ ಕೊನೆಯ ಮೂರು ಸಾವಿರ ಬೇಕಾಯಿತು. ಪ್ರತಿ ಪೈಸೆಗೂ ಸಿಗುವ ಲಾಭ ಅದೇ 8%, ಅದರಲ್ಲಿ ಮೋಸ ಇಲ್ಲ. ಆದರೆ ಅವಧಿ ಕತ್ತರಿಸುವ ಲೆಕ್ಕದಲ್ಲಿ ಮೊದಲ ಚಿಕ್ಕ ಮೊತ್ತಕ್ಕೇ ಬಲ ಜಾಸ್ತಿ. ಹೊಟ್ಟೆ ಬಟ್ಟೆ ಕಟ್ಟಿ ಕಟ್ಟುವ ಕೊನೆಯ ಮೂರು ಸಾವಿರ ಇದೆಯಲ್ಲ, ಮನೆಯ ತಾಳ ತಪ್ಪಿಸುವುದು ಅದೇ.

ಈಗ ಆ ಕಥೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

18ನೇ ಶತಮಾನದ ಇಂಗ್ಲೆಂಡ್. ರಿಚರ್ಡ್ ಪ್ರೈಸ್ ಅಂತ ಒಬ್ಬ ಪಾದ್ರಿ. ಒಂದು ಕಡೆ ಪ್ರವಚನ, ಇನ್ನೊಂದು ಕಡೆ ಜೀವವಿಮೆಯ ಲೆಕ್ಕ. ಚಕ್ರಬಡ್ಡಿ ಅಂದರೆ ಆತನಿಗೆ ಪ್ರಾಣ. 1772ರಲ್ಲಿ ಒಂದು ಲೆಕ್ಕ ಮುಂದಿಟ್ಟ. ಏಸುಕ್ರಿಸ್ತ ಹುಟ್ಟಿದಾಗ ಯಾರಾದರೂ ಒಂದೇ ಒಂದು ಪೆನ್ನಿಯನ್ನು 5% ಚಕ್ರಬಡ್ಡಿಗೆ ಹಾಕಿದ್ದರೆ, ಇಷ್ಟು ಹೊತ್ತಿಗೆ ಅದರ ಬೆಲೆ ಅಪ್ಪಟ ಚಿನ್ನದ 15 ಕೋಟಿ ಭೂಮಿಗಳಿಗಿಂತ ಜಾಸ್ತಿ ಆಗಿರುತ್ತಿತ್ತು. ಚಿನ್ನದ ಗಣಿ ಅಲ್ಲ, ಚಿನ್ನದ ಭೂಮಿ. ಒಂದಲ್ಲ, 15 ಕೋಟಿ. ಅದೇ ಪೆನ್ನಿ ಸರಳ ಬಡ್ಡಿಯಲ್ಲಿ ಕೂತಿದ್ದರೆ? ಏಳು ಶಿಲ್ಲಿಂಗ್ ನಾಲ್ಕೂವರೆ ಪೆನ್ನಿ, ಅಂದರೆ ನೂರು ಪೆನ್ನಿಯೂ ಇಲ್ಲ.

ಸರ್ಕಾರದ ಸಾಲವನ್ನೂ ಇದೇ ಚಕ್ರಬಡ್ಡಿಯಿಂದ ತೀರಿಸಬಹುದು ಅಂತ ಪ್ರೈಸ್ ವಾದಿಸಿದ. ಪ್ರಧಾನಿ ವಿಲಿಯಂ ಪಿಟ್‌ಗೆ ಇದು ಹಿಡಿಸಿತು. 1786ರಲ್ಲಿ ಸಾಲ ತೀರಿಸೋಕೆ ಅಂತಲೇ ಒಂದು ನಿಧಿ ಶುರುವಾಯಿತು. ವರ್ಷಕ್ಕೆ 10 ಲಕ್ಷ ಪೌಂಡ್ ಅದಕ್ಕೆ ಮೀಸಲು. ಆ ದುಡ್ಡಿನಿಂದ ಸರ್ಕಾರದ್ದೇ ಸಾಲಪತ್ರಗಳನ್ನು ಮಾರುಕಟ್ಟೆಯಲ್ಲಿ ಕೊಳ್ಳುವುದು. ಕೊಂಡ ಪತ್ರವನ್ನು ಹರಿದು ಹಾಕುವುದಿಲ್ಲ. ಅದರ ಬಡ್ಡಿಯನ್ನು ಸರ್ಕಾರ ಈ ನಿಧಿಗೇ ಕಟ್ಟಬೇಕು, ಆ ಬಡ್ಡಿಯಲ್ಲಿ ಇನ್ನಷ್ಟು ಪತ್ರ ಕೊಳ್ಳಬೇಕು. ಕಾಗದದ ಮೇಲೆ ನಿಧಿ ಉಬ್ಬುತ್ತಾ ಹೋಗುತ್ತದೆ. ನೋಡಿದವರಿಗೆಲ್ಲ ಖುಷಿ.

ಶಾಂತಿ ಇದ್ದಷ್ಟು ದಿನ ಪರವಾಗಿಲ್ಲ, ಖಜಾನೆಯಲ್ಲಿ ಮಿಗುತ್ತಿತ್ತು. 1793ರಲ್ಲಿ ಫ್ರಾನ್ಸ್ ಜತೆ ಯುದ್ಧ ಶುರುವಾಯಿತು. ಖರ್ಚು ಆದಾಯವನ್ನು ದಾಟಿತು. ಆಗ ನಿಧಿಗೆ ದುಡ್ಡು ಹಾಕುವುದು ನಿಲ್ಲಿಸಬೇಕಿತ್ತು, ಅಲ್ವಾ? ನಿಲ್ಲಿಸಲಿಲ್ಲ! ಯುದ್ಧಕಾಲದ ದುಬಾರಿ ಸಾಲ ಎತ್ತಿ, ಅದರಲ್ಲೇ ಒಂದು ಪಾಲನ್ನು ನಿಧಿಗೆ ಹಾಕಿ, ಹಳೇ ಸಾಲ ತೀರಿಸುತ್ತಾ ಹೋದರು. ಎಡಗೈಯಲ್ಲಿ ಸಾಲ, ಬಲಗೈಯಲ್ಲಿ ತೀರಿಕೆ. ಮಧ್ಯದಲ್ಲಿ ಖರ್ಚು ಬೇರೆ.

ಈ ಬಣ್ಣ ಬಯಲು ಮಾಡಿದ್ದು ಸ್ಕಾಟ್ಲೆಂಡಿನ ಅಬರ್ಡೀನ್‌ನ ಗಣಿತದ ಪ್ರೊಫೆಸರ್ ರಾಬರ್ಟ್ ಹ್ಯಾಮಿಲ್ಟನ್, 1813ರಲ್ಲಿ. ಆತ ಹೇಳಿದ್ದರ ಸಾರ ಇಷ್ಟೇ: ಆದಾಯದಲ್ಲಿ ಖರ್ಚು ಕಳೆದು ಏನು ಉಳಿಯುತ್ತದೋ ಅದೊಂದೇ ಸಾಲ ತೀರಿಸುವುದು. ಉಳಿದದ್ದೆಲ್ಲ ದುಡ್ಡನ್ನು ಈ ಜೇಬಿನಿಂದ ಆ ಜೇಬಿಗೆ ಹಾಕಿದ ಹಾಗೆ. ಇಷ್ಟು ಹೇಳೋಕೆ ಗಣಿತದ ಪ್ರೊಫೆಸರೇ ಬೇಕಾಯಿತಾ ಅಂತ ನಗಬಹುದು. ಒಂದು ಸಾಮ್ರಾಜ್ಯದ ಅರ್ಥಖಾತೆಗೆ ಬೇಕಾಯಿತು. ಕೊನೆಗೆ 1829ರಲ್ಲಿ, ನಿಜವಾಗಿ ಮಿಕ್ಕ ಹಣವನ್ನಷ್ಟೇ ಸಾಲ ತೀರಿಸಲು ಬಳಸಬೇಕು ಅಂತ ಕಾನೂನಾಯಿತು.

ನಮ್ಮ ವೀಕ್ಷಕರ ಮನೆಯಲ್ಲಿ ನಡೆಯುತ್ತಿರುವುದೂ ಇದೇ. ಹೋಮ್ ಲೋನ್ ಆ್ಯಪ್ ತೆರೆದರೆ ಬಾಕಿ ಇಳಿಯುತ್ತಿದೆ, ಖುಷಿ. ಕಾರ್ಡಿನ ಆ್ಯಪನ್ನು ಅದೇ ದಿನ ತೆರೆಯುವುದಿಲ್ಲ.

[ತೆರೆಯ ಮೇಲೆ: 5,000ಕ್ಕೆ ಒಂದು ತಿಂಗಳು. ಉಳಿದದ್ದು 33, ಹೋದದ್ದು 150]

ಲೋನಿಗೆ ಐದು ಸಾವಿರ ಜಾಸ್ತಿ ಕಟ್ಟಿದಿರಿ. 8% ಲೆಕ್ಕದಲ್ಲಿ ತಿಂಗಳಿಗೆ 33 ಬಡ್ಡಿ ಉಳಿಯಿತು. ಅದರಿಂದಾಗಿ ಕಾರ್ಡಿನಲ್ಲಿ ಐದು ಸಾವಿರ ಬಾಕಿ ಉಳಿಯಿತು. ತಿಂಗಳಿಗೆ 3% ಅಂತಿಟ್ಟುಕೊಂಡರೆ 150 ಹೋಯಿತು. ಹಾಗಂತ ಕಾರ್ಡ್ ಬಳಸುವುದೇ ತಪ್ಪು ಅಂತಲ್ಲ. ಬಿಲ್ ಪೂರ್ತಿ ಕಟ್ಟುವವರಿಗೆ ಬಡ್ಡಿಯೇ ಇಲ್ಲ. ಆದರೆ ಒಮ್ಮೆ ಬಾಕಿ ಉಳಿಸಿದರೆ ಸಾಮಾನ್ಯವಾಗಿ ಆ ಬಡ್ಡಿರಹಿತ ಅವಧಿಯೂ ಕೈತಪ್ಪುತ್ತದೆ, ಹೊಸ ಖರೀದಿಗೂ ಮೊದಲ ದಿನದಿಂದ ಬಡ್ಡಿ ಓಡುತ್ತದೆ. ಹಾಗಾಗಿ ಉತ್ತರ: ಹಿಂದೆ ಹೋಗುತ್ತಿದ್ದೀರಿ ಸರ್. ಮೊದಲು ಕಾರ್ಡ್ ತೀರಿಸಿ. ಅಲ್ಲಿಯವರೆಗೆ ಲೋನಿಗೆ ಇಎಂಐ ಸಾಕು.

ಆದರೆ ಅವರು ಲೆಕ್ಕ ಬರದವರಲ್ಲ. ತಿಂಗಳಿಗೆ ಐದು ಸಾವಿರ ಉಳಿಯುತ್ತದೆ ಅಂತ ಬರೆದಿಟ್ಟು, ಅಷ್ಟನ್ನೇ ಕಟ್ಟುತ್ತಿದ್ದರು. ಹಾಗಾದರೆ ಕಾರ್ಡ್ ಯಾಕೆ ಉಜ್ಜಬೇಕಾಯಿತು?

ತಿಂಗಳ ಲೆಕ್ಕದಲ್ಲಿ ಕಾಣದ ಖರ್ಚು ಅಂತ ಒಂದು ಜಾತಿ ಇದೆ. ವಿಮೆಯ ಪ್ರೀಮಿಯಂ, ಮನೆ ತೆರಿಗೆ, ಸ್ಕೂಲ್ ಫೀಸು, ಗಾಡಿ ಸರ್ವಿಸ್, ಹಲ್ಲಿನ ಡಾಕ್ಟರು, ಕೆಟ್ಟುಹೋದ ವಾಷಿಂಗ್ ಮಷೀನು. ಇವು ಬಂದಾಗೆಲ್ಲ ನಾವು "ಈ ತಿಂಗಳು ಸ್ವಲ್ಪ ಎಡವಟ್ಟಾಯಿತು" ಅನ್ನುತ್ತೇವೆ. ವರ್ಷದಲ್ಲಿ ಎಂಟು ತಿಂಗಳು ಎಡವಟ್ಟಾದರೆ ಅದು ಎಡವಟ್ಟಲ್ಲ, ಅದೇ ನಿಮ್ಮ ಮನೆಖರ್ಚು.

ಹಿಂದಿನ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ. ಪ್ರತಿ ತಿಂಗಳೂ ಬರದ ಖರ್ಚುಗಳಿಗೆ ಮಾತ್ರ ಗುರುತು ಹಾಕಿ, ಕೂಡಿ, 12ರಿಂದ ಭಾಗಿಸಿ. ಉದಾಹರಣೆಗೆ 36,000 ಬಂತು ಅನ್ನಿ. ತಿಂಗಳಿಗೆ ಮೂರು ಸಾವಿರ. ಐದು ಸಾವಿರದಲ್ಲಿ ಮೂರು ಕಳೆದರೆ ನಿಮ್ಮ ನಿಜವಾದ ಉಳಿತಾಯ ಎರಡೇ ಸಾವಿರ. ಬೇಜಾರು ಮಾಡಿಕೊಳ್ಳಬೇಡಿ. 20 ವರ್ಷದ ಸಾಲವನ್ನು 13ಕ್ಕೆ ತಂದಿದ್ದು ಅದೇ ಎರಡು ಸಾವಿರ. ಕಾರ್ಡಿಗೆ ತಳ್ಳುತ್ತಿದ್ದದ್ದು ಮೇಲಿನ ಮೂರು ಸಾವಿರ.

ಇಲ್ಲಿ ಇನ್ನೊಂದು ಮಾತು, ಎಲ್ಲರೂ ಒಪ್ಪಲಿಕ್ಕಿಲ್ಲ. "ಸಂಬಳ ಬಂದ ದಿನವೇ ಮೊದಲು ಪ್ರೀಪೇಮೆಂಟ್ ಮಾಡಿ (ಅಂದರೆ ಲೋನಿಗೆ ಇಎಂಐ ಮೇಲೆ ಜಾಸ್ತಿ ಕಟ್ಟಿ), ಉಳಿದದ್ದರಲ್ಲಿ ಜೀವನ ಮಾಡಿ" ಅಂತ ಹಣಕಾಸಿನ ಚಾನೆಲ್‌ಗಳೆಲ್ಲ ಹೇಳುತ್ತವೆ. ಉಳಿತಾಯಕ್ಕೆ ಆ ಮಾತು ಸರಿ. ಪ್ರೀಪೇಮೆಂಟಿಗೆ ನನಗೆ ಅಷ್ಟು ಇಷ್ಟ ಇಲ್ಲ. ಉಳಿತಾಯ ಖಾತೆಗೆ ಹಾಕಿದ್ದು ಬೇಕಾದಾಗ ವಾಪಸ್ ಬರುತ್ತದೆ. ಲೋನಿಗೆ ಕಟ್ಟಿದ್ದು ಗೋಡೆಯೊಳಗೆ ಸೇರಿಹೋಯಿತು. ತುರ್ತಿಗೆ ಬೇಕು ಅಂದರೆ ಗೋಡೆ ಮಾತಾಡುವುದಿಲ್ಲ. ತಡ ಮಾಡಿದರೆ ನಷ್ಟ ಎಷ್ಟು? ತಿಂಗಳಿಗೆ ಐದು ಸಾವಿರ ಎತ್ತಿಟ್ಟುಕೊಂಡು ಮೂರು ತಿಂಗಳಿಗೊಮ್ಮೆ 15,000 ಒಟ್ಟಿಗೆ ಕಟ್ಟಿದರೂ, ಪ್ರತಿ ತಿಂಗಳು ಕಟ್ಟಿದ್ದಕ್ಕಿಂತ ಜಾಸ್ತಿ ಹೋಗುವ ಬಡ್ಡಿ ಸುಮಾರು 100. ಮೂರು ತಿಂಗಳಿಗೆ ನೂರು! ಆ ದುಡ್ಡು ಅಷ್ಟು ದಿನ ಕೈಯಲ್ಲೇ ಇರುತ್ತದೆ, ವಾಷಿಂಗ್ ಮಷೀನು ಕೈಕೊಟ್ಟರೆ ಕಾರ್ಡ್ ಮುಟ್ಟಬೇಕಾಗಿಲ್ಲ. ನನ್ನನ್ನು ಕೇಳಿದರೆ ಅಗ್ಗದ ವಿಮೆ. ಆದರೆ ಕೈಯಲ್ಲಿರುವ ದುಡ್ಡು ಸುಮ್ನೆ ಕರಗಿಹೋಗುವ ಮನೆಯಾದರೆ ಈ ಸಲಹೆ ಮರೆತುಬಿಡಿ, ಮೊದಲ ದಿನವೇ ಕಟ್ಟಿ.

ಅಯ್ಯೋ, ಟೈಮು ಆಗುತ್ತಾ ಬಂತು. ಉಳಿದದ್ದನ್ನು ಒಂದೇ ಉಸಿರಿನಲ್ಲಿ ಹೇಳುತ್ತೇನೆ.

ಪ್ರೀಪೇಮೆಂಟ್ ಮಾಡಿದಾಗ "ಅವಧಿ ಕಡಿಮೆ ಮಾಡಲಾ, ಇಎಂಐ ಕಡಿಮೆ ಮಾಡಲಾ" ಅಂತ ಬ್ಯಾಂಕು ಕೇಳಬಹುದು. ಅವಧಿ ಕಡಿಮೆ ಮಾಡಿದರೆ ಬಡ್ಡಿ ಜಾಸ್ತಿ ಉಳಿಯುತ್ತದೆ, ಅದು ನಿಜ. ಆದರೆ ಇಎಂಐ ಇಳಿಸಿಕೊಂಡು, ನೀವಾಗಿಯೇ ಹಳೇ ಮೊತ್ತವನ್ನೇ ಕಟ್ಟುತ್ತಾ ಹೋದರೆ ಸಾಲ ತೀರುವ ದಿನ ಅದೇ. ಕಷ್ಟದ ತಿಂಗಳಲ್ಲಿ ಮಾತ್ರ ಚಿಕ್ಕ ಕಂತು ಕಟ್ಟುವ ಅನುಕೂಲ ಕೈಯಲ್ಲಿರುತ್ತದೆ. ಸಂಬಳ ಏರುಪೇರಾಗುವವರಿಗೆ ಇದೇ ಒಳ್ಳೇದು. ಎರಡು ವಾರಕ್ಕೊಮ್ಮೆ ಅರ್ಧ ಕಂತು ಕಟ್ಟಿ ಅನ್ನೋ "ಗುಟ್ಟು" ಇದೆಯಲ್ಲ, ಅದರಲ್ಲಿ ಗುಟ್ಟೇನೂ ಇಲ್ಲ. ವರ್ಷಕ್ಕೆ 26 ಅರ್ಧ ಅಂದರೆ 13 ಪೂರ್ತಿ ಕಂತು. ಒಂದು ಕಂತು ಜಾಸ್ತಿ ಕಟ್ಟಿಸುತ್ತಾರೆ, ಅಷ್ಟೇ.

ಜಾಸ್ತಿ ಕಟ್ಟುವ ಮೊದಲು, ಸಾಲ ಮುಂಚೆ ತೀರಿಸಿದ್ದಕ್ಕೆ ದಂಡ ಇದೆಯಾ ನೋಡಿ. ಭಾರತದಲ್ಲಿ ವ್ಯಕ್ತಿಗಳ ಫ್ಲೋಟಿಂಗ್ ರೇಟ್, ಅಂದರೆ ಬಡ್ಡಿ ದರ ಏರಿಳಿಯುವ, ಹೋಮ್ ಲೋನಿಗೆ ಬ್ಯಾಂಕುಗಳು ಈ ಶುಲ್ಕ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಜರ್ಮನಿಯಲ್ಲಿ ಬಡ್ಡಿ ದರ ನಿಗದಿಯಾದ ಸಾಲವನ್ನು ಮುಂಚೆ ತೀರಿಸಿದರೆ ಬ್ಯಾಂಕಿಗೆ ಪರಿಹಾರ ಕಟ್ಟಬೇಕಾಗುತ್ತದೆ, 10 ವರ್ಷ ಕಳೆದ ಮೇಲೆ ನೋಟಿಸ್ ಕೊಟ್ಟು ಹೊರಬರಬಹುದು. ಹಾಗಾಗಿ ನಿಮ್ಮ ಕರಾರು ಪತ್ರ ಓದಿ. ಹೌದು, ಆ ಚಿಕ್ಕ ಅಕ್ಷರದ ಪುಟವೇ.

ಆಸ್ಟ್ರೇಲಿಯಾದಲ್ಲಿ ಆಫ್‌ಸೆಟ್ ಖಾತೆ ಬಹಳ ಬಳಕೆಯಲ್ಲಿದೆ. ಸಂಬಳ ಬಂದು ಬೀಳುವ ಖಾತೆಯನ್ನು ಲೋನಿಗೆ ಜೋಡಿಸುತ್ತಾರೆ. ಸಾಲದಲ್ಲಿ ಆ ಖಾತೆಯ ಮೊತ್ತ ಕಳೆದು, ಉಳಿದದ್ದಕ್ಕೆ ಮಾತ್ರ ಬಡ್ಡಿ. ದುಡ್ಡು ಅಲ್ಲಿದ್ದಷ್ಟು ದಿನ ಪ್ರೀಪೇಮೆಂಟ್ ಆದ ಹಾಗೆ, ಬೇಕಾದಾಗ ತೆಗೆಯಲೂಬಹುದು. ನಮ್ಮ ಕಡೆಯೂ ಓವರ್‌ಡ್ರಾಫ್ಟ್ ಮಾದರಿಯ ಹೋಮ್ ಲೋನ್‌ಗಳು ಇದೇ ಕೆಲಸ ಮಾಡುತ್ತವೆ. ಬಡ್ಡಿ ದರ ಸ್ವಲ್ಪ ಜಾಸ್ತಿ ಇದ್ದರೆ, ಆ ಖಾತೆಯಲ್ಲಿ ಸರಾಸರಿ ಎಷ್ಟು ದುಡ್ಡು ನಿಲ್ಲುತ್ತದೆ ಅಂತ ನೋಡಿ ತೀರ್ಮಾನ ಮಾಡಿ. ಮೂರು ದಿನಕ್ಕೇ ಖಾಲಿಯಾಗುವ ಖಾತೆಗೆ ಇದರಿಂದ ಏನೂ ಸಿಗಲ್ಲ.

ಷೇರಿಗೆ ಹಾಕೋದಾ, ಸಾಲ ತೀರಿಸೋದಾ ಅನ್ನುವ ಜಗಳಕ್ಕೆ ಇವತ್ತು ಜಾಗ ಇಲ್ಲ, ಮುಂದಿನ ವಿಡಿಯೋಗೆ ಇಟ್ಟುಕೊಳ್ಳೋಣ. ಕೊನೇ ಕಂತು ಕಟ್ಟಿದವರು ಮಾತ್ರ ಸಂಭ್ರಮದಲ್ಲಿ ಎರಡು ಕೆಲಸ ಮರೆಯಬೇಡಿ: ಮನೆಯ ಮೂಲ ಪತ್ರಗಳನ್ನು ವಾಪಸ್ ತಗೊಳ್ಳಿ, ಸರ್ಕಾರಿ ದಾಖಲೆಯಲ್ಲಿ ಆ ಮನೆ ಮೇಲೆ ಇರುವ ಅಡಮಾನವನ್ನು ತೆಗೆಸಿ.