ಪರದೆ ಕಪ್ಪಾದರೂ ಹಳೇ ಕರ್ನಲ್ ಇದೆ

ಕೇಳುಗರೇ, ನಮಸ್ಕಾರ.

ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡವರಲ್ಲಿ ಅನೇಕರು ಈ ಸಂಕಟ ಕಂಡಿರುತ್ತೀರಿ. ರಾತ್ರಿ ಅಪ್‌ಡೇಟ್ ಮಾಡಿ ಮಲಗಿದ್ದೀರಿ. ಅದರ ಜೊತೆ ಹೊಸ ಕರ್ನಲ್, ಅಂದರೆ ಯಂತ್ರದ ಭಾಗಗಳನ್ನೆಲ್ಲ ನಡೆಸುವ ಲಿನಕ್ಸ್‌ನ ತಿರುಳು, ಬಂದಿದೆ. ಬೆಳಿಗ್ಗೆ ಆನ್ ಮಾಡಿದರೆ ಲೋಗೋ ಕಾಣುತ್ತದೆ, ಆಮೇಲೆ ಪರದೆ ಪೂರ್ತಿ ಕಪ್ಪು. ಫ್ಯಾನ್ ಮಾತ್ರ ತಿರುಗುತ್ತಿದೆ. ಎದೆ ಧಸಕ್ಕೆನ್ನುತ್ತದೆ, ಅಲ್ವಾ?

ನನಗೂ ಹಾಗೇ ಆಗಿತ್ತು. ಗಾಬರಿಯಲ್ಲಿ ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಅರ್ಧ ದಿನ ಹೋಯಿತು, ಬೇಕಾದ ಫೈಲುಗಳೂ ಹೋದವು. ಅದರ ಅಗತ್ಯವೇ ಇರಲಿಲ್ಲ. ನಿಮಗೆ ಹಾಗಾಗಬಾರದು ಅಂತಲೇ ಈ ಮಾತು.

ಲೋಗೋ ಕಂಡಿತು ಅಂದರೆ ಪರದೆ ಕೆಟ್ಟಿಲ್ಲ ಅಂತ ಹೆಚ್ಚುಕಡಿಮೆ ನಂಬಬಹುದು. ಲೋಗೋ ತೋರಿಸುವುದು ಫರ್ಮ್‌ವೇರ್, ಅಂದರೆ ಲ್ಯಾಪ್‌ಟಾಪ್‌ನಲ್ಲೇ ಇರುವ, ಲಿನಕ್ಸ್‌ಗಿಂತ ಮೊದಲು ಓಡುವ ತಂತ್ರಾಂಶ. ಆಮೇಲೆ ಕರ್ನಲ್‌ನ ಗ್ರಾಫಿಕ್ಸ್ ಡ್ರೈವರ್ ಪರದೆಯನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಹೀಗೆ ಕೈ ಬದಲಾಗುವ ಹೊತ್ತಿನಲ್ಲೇ ಎಡವಟ್ಟಾಗುವುದು ಜಾಸ್ತಿ.

ಮೊದಲು ಹಳೇ ಕರ್ನಲ್‌ಗೆ ಹೋಗಿ. ಲ್ಯಾಪ್‌ಟಾಪ್ ಆಫ್ ಮಾಡಿ ಮತ್ತೆ ಆನ್ ಮಾಡಿ. ಆನ್ ಆಗುತ್ತಿದ್ದಂತೆ ಎಸ್ಕೇಪ್ ಕೀ ಒತ್ತಿ. ಬಯಾಸ್ ಅನ್ನುವ ಹಳೇ ಬಗೆಯ ಫರ್ಮ್‌ವೇರ್ ಆದರೆ ಶಿಫ್ಟ್ ಹಿಡಿದುಕೊಳ್ಳಿ. ಯಾವ ಕರ್ನಲ್ ಶುರು ಮಾಡಬೇಕು ಅಂತ ಆರಿಸುವ ಗ್ರಬ್ ಮೆನು ಬರುತ್ತದೆ. ಲಿನಕ್ಸ್‌ನಲ್ಲಿ ಹಲವು ಬಗೆಗಳಿವೆ. ಉಬುಂಟುವಿನಲ್ಲಾದರೆ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಿಂದಿನ ಕರ್ನಲ್ ಸಿಗುತ್ತದೆ. ಫೆಡೋರಾ ಸಾಮಾನ್ಯವಾಗಿ 3 ಕರ್ನಲ್‌ಗಳನ್ನು ಉಳಿಸಿಕೊಂಡಿರುತ್ತದೆ. ಆರ್ಚ್ ಹಾಗೆ ಉಳಿಸುವುದಿಲ್ಲ. ಅದನ್ನು ಬಳಸುವವರು ಎಲ್‌ಟಿಎಸ್, ಅಂದರೆ ದೀರ್ಘಕಾಲ ನಿರ್ವಹಣೆ ಸಿಗುವ ಕರ್ನಲ್ ಒಂದನ್ನು ಮೊದಲೇ ಹಾಕಿಟ್ಟುಕೊಳ್ಳಿ. ಹಳೇ ಕರ್ನಲ್‌ನಲ್ಲಿ ಪರದೆ ಬಂತೇ? ಹಾಗಾದರೆ ನಿಮ್ಮ ಕೆಲಸ ನಿಲ್ಲುವುದಿಲ್ಲ. ಇನ್ನು ನಿಧಾನವಾಗಿ ಕಾರಣ ಹುಡುಕಬಹುದು.

ಹೊಸ ಕರ್ನಲ್‌ನಲ್ಲಿ ಕಪ್ಪಾದ ಪರದೆಯ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಅಕ್ಷರಗಳು ಮಸುಕಾಗಿ ಕಂಡರೆ ಚಿತ್ರ ಇದೆ, ಹಿಂದಿನ ಬೆಳಕು ಮಾತ್ರ ಆರಿದೆ. ಬ್ರೈಟ್‌ನೆಸ್ ಕೀ ಒತ್ತಿ ನೋಡಿ. ಆಗಲಿಲ್ಲವೇ? ಗ್ರಬ್ ಮೆನುವಿನಲ್ಲಿ ಇ ಅಕ್ಷರ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಎಸಿಪಿಐ ಅಂಡರ್‌ಸ್ಕೋರ್ ಬ್ಯಾಕ್‌ಲೈಟ್ ಈಕ್ವಲ್ ಟು ನೇಟಿವ್ ಅಂತ ಸೇರಿಸಿ. ಎಫ್ 10 ಒತ್ತಿದರೆ ಬೂಟ್ ಆಗುತ್ತದೆ.

ಟಾರ್ಚ್ ಬಿಟ್ಟರೂ ಏನೂ ಕಾಣದಿದ್ದರೆ ಡ್ರೈವರ್ ಮೇಲೆ ಅನುಮಾನ ಪಡಬೇಕು. ಅದೇ ಸಾಲಿನ ಕೊನೆಗೆ ನೋಮೋಡ್‌ಸೆಟ್ ಅಂತ ಒಂದೇ ಪದ ಸೇರಿಸಿ. ಚಿತ್ರ ಒರಟಾಗಿ ಬರುತ್ತದೆ, ಆದರೆ ಬರುತ್ತದೆ. ಇದು ಆ ಒಂದು ಬೂಟ್‌ಗೆ ಮಾತ್ರ. ಇದನ್ನೇ ಕಾಯಂ ಮಾಡಿಕೊಳ್ಳಬೇಡಿ, ಗ್ರಾಫಿಕ್ಸ್ ಚಿಪ್ ಸುಮ್ನೆ ಕೂತಿರುತ್ತದೆ.

ಎನ್‌ವಿಡಿಯಾದ ಡ್ರೈವರ್ ಹಾಕಿಕೊಂಡವರು ಇನ್ನೊಂದು ನೋಡಬೇಕು. ಆ ಡ್ರೈವರ್‌ನ ಮಾಡ್ಯೂಲ್, ಅಂದರೆ ಕರ್ನಲ್‌ಗೆ ಸೇರಿಕೊಳ್ಳುವ ಭಾಗ, ಪ್ರತಿ ಕರ್ನಲ್‌ಗೂ ಹೊಂದಿಕೊಂಡೇ ಇರಬೇಕು. ಅದನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಕಟ್ಟುವ ಕೆಲಸವನ್ನು ಅನೇಕ ಕಡೆ ಡಿಕೆಎಂಎಸ್ ಅನ್ನುವ ಸಾಧನ ಮಾಡುತ್ತದೆ. ಕಟ್ಟಲು ಬೇಕಾದ, ಹೊಸ ಕರ್ನಲ್‌ನ ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ ಅದು ಕಟ್ಟಲಾರದು. ಕಟ್ಟಿದ್ದರೂ, ನಂಬಿಕೆಯ ಡಿಜಿಟಲ್ ಸಹಿ ಇರುವುದನ್ನು ಮಾತ್ರ ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದು ಮಾಡ್ಯೂಲ್‌ಗೆ ಆ ಸಹಿ ಇಲ್ಲದಿದ್ದರೆ ಲೋಡ್ ಆಗುವುದಿಲ್ಲ.

ಇವು ಯಾವುದೂ ಅಲ್ಲದಿದ್ದರೆ ದೋಷ ಹೊಸ ಕರ್ನಲ್‌ನಲ್ಲೇ ಇರಬಹುದು. ದಯವಿಟ್ಟು ಅದನ್ನು ನಿಮ್ಮ ಡಿಸ್ಟ್ರೋದವರಿಗೆ, ಅಂದರೆ ನೀವು ಬಳಸುವ ಬಗೆಯ ಲಿನಕ್ಸ್ ತಯಾರಿಸುವವರಿಗೆ, ತಿಳಿಸಿ. ಯಾವ ವರ್ಷನ್‌ವರೆಗೆ ಸರಿಯಿತ್ತು, ಯಾವುದರಿಂದ ಕೆಟ್ಟಿತು, ಎರಡೂ ಬರೆಯಿರಿ. ಆ ಎರಡರ ನಡುವೆ 1000 ಬದಲಾವಣೆ ಆಗಿದ್ದರೂ, ಪ್ರತಿ ಸಲ ಅರ್ಧಕ್ಕೆ ಇಳಿಸುತ್ತಾ ಹೋದರೆ ಸುಮಾರು 10 ಪರೀಕ್ಷೆಯಲ್ಲಿ ತಪ್ಪಿನ ಜಾಗ ಸಿಕ್ಕಿಬಿಡುತ್ತದೆ.

ನಮಸ್ಕಾರ.