ಬೂದು ಆನೆಯ ಸೊಂಡಿಲು

ಕೇಳುಗರಿಗೆ ನಮಸ್ಕಾರ.

ನನ್ನ ಮುಂದಿನ ಮೇಜಿನ ಮೇಲೆ ಈಗ ಒಂದು ಆನೆ ಕುಳಿತಿದೆ. ಬೂದು ಉಣ್ಣೆಯ ಆನೆ, ಗೇಣೆತ್ತರ, ಸೊಂಡಿಲಿನ ತುದಿ ಸ್ವಲ್ಪ ಮೇಲಕ್ಕೆ ಬಾಗಿದೆ. ನಿಮಗೆ ಅದು ಕಾಣುವುದಿಲ್ಲ. ಗೊಂಬೆಯ ಬಗ್ಗೆ ಬಾನುಲಿಯಲ್ಲಿ ಮಾತನಾಡುವುದು ವಿಚಿತ್ರವೆಂದು ಮೊದಲು ಅನ್ನಿಸಿತ್ತು. ಆಮೇಲೆ ಹೊಳೆಯಿತು, ನನ್ನ ಕಸುಬೇ ಇದಲ್ಲವೇ! ಹೆಣಿಗೆಯ ಆಟಿಕೆಗಳನ್ನು ವಿನ್ಯಾಸ ಮಾಡುವ ನಾನು ಮಾರುವುದು ಆಟಿಕೆಯನ್ನಲ್ಲ, ಅದನ್ನು ಹೆಣೆಯುವ ಕ್ರಮವನ್ನು, ಅಂದರೆ ಪ್ಯಾಟರ್ನನ್ನು. ನನ್ನ ಕೈಗಳನ್ನು ಎಂದೂ ನೋಡದ ಯಾರೋ ಒಬ್ಬರು, ಬರೆದ ಮಾತಿನಷ್ಟರಿಂದಲೇ ನೂಲಿನೊಳಗಿಂದ ಆನೆಯನ್ನು ಎಬ್ಬಿಸಬೇಕು.

ಬಟ್ಟೆಯ ಗೊಂಬೆ ಮಾಡುವವರಿಗೆ ಕತ್ತರಿ ಇದೆ. ಬೇಡದ್ದನ್ನು ಕತ್ತರಿಸಿ ಆಕಾರ ತರುತ್ತಾರೆ. ನನಗಿರುವುದು ಎಣಿಕೆ ಮಾತ್ರ. ಒಂದು ಚೆಂಡು ಬೇಕೆನ್ನಿ. ಎಂಟು ಕುಣಿಕೆಗಳಿಂದ ಶುರು ಮಾಡಿ ಅದನ್ನು ಹದಿನಾರು, ಇಪ್ಪತ್ತನಾಲ್ಕು, ಮೂವತ್ತೆರಡು ಎಂದು ಏರಿಸುತ್ತೇನೆ. ನಡುವೆ ಕೆಲವು ಸುತ್ತು ಏರಿಳಿತವಿಲ್ಲದೆ ಸುಮ್ಮನೆ ಹೆಣೆದು, ಬಳಿಕ ಬಂದ ದಾರಿಯಲ್ಲೇ ಇಳಿಯುತ್ತೇನೆ. ಏರಿಕೆ ನಿಧಾನವಾದರೆ ಚೆಂಡು ಮೊಟ್ಟೆಯಂತೆ ಚೂಪಾಗುತ್ತದೆ. ಅತಿಯಾದರೆ ಅಂಚು ಲಂಗದ ನಿರಿಗೆಯಂತೆ ಸುಕ್ಕುಗಟ್ಟುತ್ತದೆ. ನನಗೆ ಅದು ಕೆಟ್ಟ ಕೆಲಸ; ಡೈನಾ ತೈಮಿನಾ ಎಂಬ ಗಣಿತಜ್ಞೆಗೆ ಅದೇ ಬೇಕಾಗಿತ್ತು. 1997ರಲ್ಲಿ ಅವರು ಹೀಗೆಯೇ ಬೇಕೆಂದು ಕುಣಿಕೆಗಳನ್ನು ಏರಿಸುತ್ತ ಹೋಗಿ, ಅತಿಪರವಲಯ ಸಮತಲವೆಂಬ, ಚಿತ್ರ ಬರೆದು ತೋರಿಸಲು ಕಷ್ಟವಾದ ಜ್ಯಾಮಿತಿಯನ್ನು ಕ್ರೋಶಾದಲ್ಲಿ ಕೈಗೆ ಸಿಗುವಂತೆ ಮಾಡಿದರು. ನನ್ನ ಕಪಾಟಿನಲ್ಲಿರುವ ಸುಕ್ಕುಗಟ್ಟಿದ ಕರಡಿಗಳ ಬಗ್ಗೆ ಅಂದಿನಿಂದ ನನಗೆ ಸ್ವಲ್ಪ ಗೌರವ ಬಂದಿದೆ.

ಈ ಆನೆಯ ಸೊಂಡಿಲಿಗೆ ಹನ್ನೊಂದು ದಿನ ಹಿಡಿಯಿತು. ಮೊದಲು ನೇರ ಕೊಳವೆ ಹೆಣೆದೆ. ಆನೆ ನೀರಿನ ಪೈಪು ಕಚ್ಚಿಕೊಂಡಂತೆ ಕಂಡಿತು. ಒಳಗೆ ತಂತಿ ಇಟ್ಟು ಬಗ್ಗಿಸಬಹುದಿತ್ತು, ಆದರೆ ಮಗುವಿನ ಕೈಗೆ ಹೋಗುವ ವಸ್ತುವಿನಲ್ಲಿ ತಂತಿ ಇರಬಾರದು. ಕೊನೆಗೆ ಕಾಲುಚೀಲದ ಹಿಮ್ಮಡಿ ನೆನಪಾಯಿತು. ಹಿಮ್ಮಡಿಯಲ್ಲಿ ಸಾಲನ್ನು ಪೂರ್ತಿ ಹೆಣೆಯದೆ, ಅರ್ಧಕ್ಕೇ ತಿರುಗಿ ಹಿಂದೆ ಬರುವ ಒಂದು ಉಪಾಯವಿದೆ. ಒಂದು ಮಗ್ಗುಲಿಗೆ ಸಾಲುಗಳು ಹೆಚ್ಚಾಗಿ, ಇನ್ನೊಂದಕ್ಕೆ ಕಡಿಮೆಯಾಗಿ, ಕೊಳವೆ ತಾನಾಗಿ ಬಾಗುತ್ತದೆ. ಹೆಚ್ಚಿನ ಸಾಲುಗಳನ್ನು ಸೊಂಡಿಲಿನ ಕೆಳಭಾಗಕ್ಕೆ ಕೊಟ್ಟೆ. ತುದಿ ಮೇಲೆದ್ದಿತು. ಮನೆಯಲ್ಲಿ ಬೇರೆ ಯಾರೂ ಎದ್ದಿರಲಿಲ್ಲ, ನಾನೊಬ್ಬಳೇ ನಕ್ಕೆ.

ಆ ಹನ್ನೊಂದು ದಿನಗಳಲ್ಲಿ ಹೆಣೆದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಒಂದೇ ನೂಲನ್ನು ಐದಾರು ಸಲ ಬಿಚ್ಚಿದರೆ ಅದು ಗುಂಗುರು ಕೂದಲಿನಂತಾಗುತ್ತದೆ. ಹಬೆಯ ಮೇಲೆ ಹಿಡಿದರೆ ಮತ್ತೆ ನೆಟ್ಟಗಾಗುತ್ತದೆ, ಮುನಿಸು ಮರೆತವರಂತೆ.

ಆಟಿಕೆಗೆ ಹೆಣಿಗೆ ಬಿಗಿಯಾಗಿರಬೇಕು. ಸ್ವೆಟರಿಗೆ 4 ಮಿಲಿಮೀಟರ್ ಕಡ್ಡಿ ಬಳಸುವ ನೂಲಿಗೆ ನಾನು 3 ಮಿಲಿಮೀಟರಿನದು ಹಿಡಿಯುತ್ತೇನೆ. ಇಲ್ಲದಿದ್ದರೆ ತುಂಬಿದ ಹತ್ತಿ ಕುಣಿಕೆಗಳ ಸಂದಿಯಿಂದ ಇಣುಕುತ್ತದೆ. ತೊಂದರೆಯೆಂದರೆ ಎಲ್ಲರ ಕೈಯ ಬಿಗಿಯೂ ಒಂದೇ ಅಲ್ಲ. ನನ್ನ ಕೈಯಲ್ಲಿ 10 ಸೆಂಟಿಮೀಟರಿಗೆ 26 ಕುಣಿಕೆ ಬಂದರೆ ಇನ್ನೊಬ್ಬರಿಗೆ 20 ಬರಬಹುದು. ಆಗ ಅವರ ಆನೆ ನನ್ನದಕ್ಕಿಂತ 1.3 ಪಟ್ಟು ಎತ್ತರ, ಅಷ್ಟೇ ತಾನೆ ಎನ್ನಬೇಡಿ. ಅಗಲ, ದಪ್ಪಗಳೂ ಅಷ್ಟೇ ಬೆಳೆಯುವುದರಿಂದ ಅದರ ಹೊಟ್ಟೆಗೆ ಎರಡು ಪಟ್ಟಿಗಿಂತ ಹೆಚ್ಚು ಹತ್ತಿ ಬೇಕು.

ಮುಖದ ಮಾತಿಗೆ ಬರೋಣ. ದೇಹದ ಲೆಕ್ಕ ತಪ್ಪಿದರೆ ಆನೆ ಕುಂಟುತ್ತದೆ. ಮುಖದ ಲೆಕ್ಕ ತಪ್ಪಿದರೆ ಅದು ಬೇರೆಯೇ ಯಾರೋ ಆಗಿಬಿಡುತ್ತದೆ. ದೊಡ್ಡ ತಲೆ, ಎತ್ತರದ ಹಣೆ, ಕೆಳಗಿಳಿದ ದೊಡ್ಡ ಕಣ್ಣುಗಳು, ದುಂಡು ಕೆನ್ನೆ: ಎಳೆಯ ಜೀವಿಗಳ ಈ ಲಕ್ಷಣಗಳು ದೊಡ್ಡವರಲ್ಲಿ ಅಕ್ಕರೆ ಎಬ್ಬಿಸುತ್ತವೆ ಎಂದು ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆಂಟ್ಸ್ 1943ರಲ್ಲಿ ಬರೆದರು. ಕಣ್ಣು ಮೇಲೇರಿದಂತೆಲ್ಲ ಮರಿಯಾನೆಗೆ ವಯಸ್ಸಾಗುತ್ತದೆ. ಎರಡು ಸಾಲು ಮೇಲೆ ಇಟ್ಟರೆ ಸಾಕು, ಬಾಡಿಗೆ ಕೇಳಲು ಬಂದವರ ಮುಖ.

ಕಣ್ಣಿಗೆ ಹೊಳೆಯುವ ಪ್ಲಾಸ್ಟಿಕ್ ಗುಂಡುಗಳು ಸಿಗುತ್ತವೆ, ಹಿಂದೆ ಬಿಲ್ಲೆ ಒತ್ತಿ ಕೂರಿಸುವಂಥವು. ಚೆಂದವೇ. ಆದರೆ ಎಳೆಯ ಮಕ್ಕಳಿಗೆ ನಾನು ಅವನ್ನು ಸೂಚಿಸುವುದಿಲ್ಲ. ಬಿಲ್ಲೆ ಗಟ್ಟಿಯಾಗಿದ್ದರೂ ಅದನ್ನು ಹಿಡಿದಿರುವುದು ಹಿಗ್ಗುವ ಹೆಣಿಗೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿಲಿಮೀಟರ್ ಅಗಲದ ಒಂದು ಕೊಳವೆ ಇದೆ. ಕಿತ್ತುಬಂದ ಚೂರು ಅದರೊಳಗೆ ಪೂರ್ತಿ ಹಿಡಿಸಿದರೆ ಮಗುವಿನ ಗಂಟಲಿಗೂ ಅಪಾಯವೆಂದು ಅರ್ಥ. ಹಾಗಾಗಿ ನನ್ನ ಪ್ರಾಣಿಗಳ ಕಣ್ಣುಗಳೆಲ್ಲ ಕಪ್ಪು ನೂಲಿನ ಕಸೂತಿ. ಹೊಳಪು ಬೇಕಾದವರಿಗೆ ಮೂಲೆಯಲ್ಲಿ ಒಂದು ಬಿಳಿ ಹೊಲಿಗೆ.

ಆನೆ ಮುಗಿದ ಮೇಲೆ ಬರವಣಿಗೆ. ಕೈ ಯೋಚಿಸದೆ ಮಾಡಿದ್ದನ್ನೆಲ್ಲ ಮಾತಿಗೆ ಇಳಿಸಬೇಕು. ಎರಡು ಕುಣಿಕೆ ಸೇರಿಸಿ ಹೆಣೆದರೆ ಇಳಿಕೆಯ ಗೆರೆ ಬಲಕ್ಕೆ ವಾಲುತ್ತದೆ. ಎಡಕ್ಕೆ ವಾಲಿಸಲು ಬೇರೆ ಕ್ರಮ. ಇದನ್ನು ಹೇಳಲು ಮರೆತರೆ ಎರಡು ಕಿವಿಗಳೂ ಒಂದೇ ಕಡೆಗೆ ನೋಡುತ್ತವೆ. ಪ್ರಕಟಿಸುವ ಮೊದಲು ಕೆಲವರಿಗೆ ಕಳಿಸಿ ಹೆಣೆಸುತ್ತೇನೆ. ಒಮ್ಮೆ ಮೊಲವೊಂದರ ಪ್ಯಾಟರ್ನಿನಲ್ಲಿ 'ಕೊನೆಯ ಕುಣಿಕೆಗಳನ್ನು ಎಳೆದು ಬಿಗಿದು ಗಂಟು ಹಾಕಿ' ಎಂದು ಬರೆದು, ಅದರ ಮುಂದಿನ ಸಾಲಿನಲ್ಲಿ 'ಹತ್ತಿ ತುಂಬಿ' ಎಂದಿದ್ದೆ. ಹೆಣೆದವರೊಬ್ಬರು ಬಹಳ ವಿನಯದಿಂದ ಕೇಳಿದರು: 'ಮೇಡಂ, ಯಾವ ಕಡೆಯಿಂದ?'

ಅದೇ ಮಹಿಳೆಗೆ ಈ ಆನೆಯ ಪ್ಯಾಟರ್ನನ್ನೂ ಕಳಿಸಿದ್ದೆ. ಕಳೆದ ವಾರ ಫೋಟೊ ಬಂತು. ಅವರ ಕೈ ಸಡಿಲ, ಆನೆ ದೊಡ್ಡದಾಗಿತ್ತು. ಕಿವಿಗೆ ನಾನು ಹೇಳಿದ ಬೂದು ನೂಲು ಸಾಲದೆ, ಒಂದರ ಒಳಬದಿಗೆ ಹಳದಿ ಹಾಕಿದ್ದರು. ಕಣ್ಣನ್ನು ನಾನು ಬರೆದ ಜಾಗದಲ್ಲಿ ಇಟ್ಟಿರಲಿಲ್ಲ. 'ಒಂದು ಸಾಲು ತಪ್ಪಾಗಿ ಎಣಿಸಿದೆ, ಕ್ಷಮಿಸಿ, ಬಿಚ್ಚಲು ಮನಸ್ಸಾಗಲಿಲ್ಲ' ಎಂದು ಕೆಳಗೆ ಬರೆದಿದ್ದರು. ಆ ಆನೆ ಈಗಷ್ಟೇ ನಿದ್ದೆಯಿಂದ ಎದ್ದು, ಎಲ್ಲಿದ್ದೇನೆ ಎಂದು ಯೋಚಿಸುತ್ತಿರುವಂತಿತ್ತು. ಫೋಟೊವನ್ನು ಬಹಳ ಹೊತ್ತು ನೋಡಿದೆ. ಆಮೇಲೆ ಸಣ್ಣ ಕತ್ತರಿ ತೆಗೆದುಕೊಂಡು ನನ್ನ ಆನೆಯ ಎರಡೂ ಕಣ್ಣುಗಳನ್ನು ಬಿಚ್ಚಿ, ಒಂದು ಸಾಲು ಕೆಳಗೆ ಹೊಲಿದೆ. ಪ್ಯಾಟರ್ನಿನಲ್ಲಿಯೂ ಅಂಕಿ ತಿದ್ದಿದೆ.

ನಮಸ್ಕಾರ.