ಪಟ್ಟಿಯಲ್ಲಿ ಹೆಸರು ಬಂದ ಮೇಲೆ: ಸರ್ಕಾರಿ ನೇಮಕಾತಿ ವ್ಯಾಜ್ಯಗಳ ಕುರಿತು ಮಡಿಕೇರಿಯಲ್ಲಿ ನೀಡಿದ ಉಪನ್ಯಾಸ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ವಿರಾಜಪೇಟೆ, ಸೋಮವಾರಪೇಟೆ ಕಡೆಯಿಂದ ಬಸ್ಸು ಹಿಡಿದು ಬಂದಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದರೆ ಮನೆಯವರು ಸಿಹಿ ಹಂಚುತ್ತಾರೆ. ಹಂಚಲಿ, ಆದರೆ ಕಾನೂನಿನ ಲೆಕ್ಕದಲ್ಲಿ ಆ ಪಟ್ಟಿಗೆ ನಾವಂದುಕೊಂಡಷ್ಟು ತೂಕವಿಲ್ಲ. ಶಂಕರ್ಸನ್ ದಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1991ರಲ್ಲೇ ಹೇಳಿದೆ: ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನೇಮಕಾತಿಯ ಹಕ್ಕು ಹುಟ್ಟುವುದಿಲ್ಲ. ಸರ್ಕಾರ ಹುದ್ದೆ ತುಂಬದೆ ಬಿಡಬಹುದು, ಆದರೆ ಅದಕ್ಕೆ ಸರಿಯಾದ ಕಾರಣ ಇರಬೇಕು, ಮನಸ್ಸಿಗೆ ಬಂದಂತೆ ಮಾಡುವಂತಿಲ್ಲ.

ಸೈನ್ಯಕ್ಕೆ ಮಕ್ಕಳನ್ನು ಕಳಿಸುವ ನಮ್ಮ ಜಿಲ್ಲೆಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. 2022ರ ಜೂನ್‌ನಲ್ಲಿ ನಾಲ್ಕು ವರ್ಷದ ಸೇವೆಗೆ ಸೈನಿಕರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ಬಂತು, ಹಳೆಯ ನೇಮಕಾತಿ ರದ್ದಾಯಿತು. ರ್‍ಯಾಲಿಯಲ್ಲಿ ಓಡಿ, ವೈದ್ಯಕೀಯ ಪರೀಕ್ಷೆಯಲ್ಲೂ ಪಾಸಾಗಿ, ಲಿಖಿತ ಪರೀಕ್ಷೆಗೆ ಕಾಯುತ್ತಿದ್ದ ಹುಡುಗರು ದೇಶದ ಉದ್ದಗಲಕ್ಕೂ ಇದ್ದರು. ಕೆಲವರು ಕೋರ್ಟಿಗೆ ಹೋದರು. 2023ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ಯೋಜನೆಯನ್ನು ಎತ್ತಿ ಹಿಡಿಯಿತು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಗಳನ್ನು ತಳ್ಳಿಹಾಕಿತು. ತೀರ್ಪು ಕಾನೂನಿನ ಪ್ರಕಾರ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ವರ್ಷಗಟ್ಟಲೆ ಕಾಯಿಸಿ ಆಮೇಲೆ ಇಲ್ಲ ಅಂದದ್ದು ಸರಿಯೇ ಎಂದು ಕೇಳಿದರೆ, ಹೌದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಕೋರ್ಟು ನೋಡುವುದೇನನ್ನು? ಆಯ್ಕೆ ನಡೆದ ದಾರಿಯನ್ನು. ನೀವು ಎಷ್ಟು ಜಾಣರು, ಎಷ್ಟು ಓದಿದಿರಿ ಎಂಬುದನ್ನು ಅದು ಅಳೆಯಲು ಹೋಗುವುದಿಲ್ಲ. ನಿಯಮ ಏನಿತ್ತು, ಅದರಂತೆ ನಡೆದರೋ ಇಲ್ಲವೋ, ಅಷ್ಟೇ. ಆಂಧ್ರದ ಜಿಲ್ಲಾ ನ್ಯಾಯಾಧೀಶರ ಆಯ್ಕೆಯಲ್ಲಿ ಸಂದರ್ಶನವೆಲ್ಲ ಮುಗಿದ ಮೇಲೆ, ಸಂದರ್ಶನದಲ್ಲೂ ಕನಿಷ್ಠ ಅಂಕ ಬೇಕೆಂದು ಹೊಸ ಷರತ್ತು ತಂದರು. 2008ರ ಮಂಜುಶ್ರೀ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ: ಆಟ ಶುರುವಾದ ಮೇಲೆ ಆಟದ ನಿಯಮ ಬದಲಿಸುವಂತಿಲ್ಲ. 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇದೇ ಮಾತನ್ನು ಗಟ್ಟಿ ಮಾಡಿತು. ಒಂದು ಸಡಿಲಿಕೆ ಮಾತ್ರ ಇದೆ, ನಿಯಮದಲ್ಲೋ ಅಧಿಸೂಚನೆಯಲ್ಲೋ ಮೊದಲೇ ಅಂಥ ಅವಕಾಶ ಇಟ್ಟುಕೊಂಡಿದ್ದರೆ ಬೇರೆ ಮಾತು. ಅದಕ್ಕೇ ಅಧಿಸೂಚನೆಯ ಕೊನೆಯ ಪುಟದ ಸಣ್ಣ ಅಕ್ಷರಗಳನ್ನೂ ಓದಿ ಅನ್ನುವುದು.

ಇಂಥ ಜಗಳ ಹೊಸದೇನಲ್ಲ. 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತಲ್ಲ, ಹತ್ತು ವರ್ಷ ತುಂಬುವ ಮೊದಲೇ ಚನ್ನಬಸವಯ್ಯ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತ್ತು. ಲೋಕಸೇವಾ ಆಯೋಗ ಆರಿಸಿದವರ ಜೊತೆಗೆ ಸರ್ಕಾರವೇ ತನ್ನದೊಂದು ಹೆಸರಿನ ಪಟ್ಟಿ ಕಳಿಸಿತು, ಆಯೋಗ ಹೂಂ ಅಂದಿತು. ಕೋರ್ಟ್ ಆ ಹೆಚ್ಚುವರಿ ನೇಮಕಗಳನ್ನು ಕಿತ್ತು ಹಾಕಿತು. ಕೆಲಸಕ್ಕೆ ಸೇರಿದವರನ್ನು ಎಬ್ಬಿಸುವುದು ನೋವಿನ ಸಂಗತಿ, ಆದರೂ ಸಮಾನತೆಗೆ ಅರ್ಥ ಇರಬೇಕಾದರೆ ಇದು ಅನಿವಾರ್ಯ ಎಂಬ ಧಾಟಿಯಲ್ಲಿ ಬರೆಯಿತು.

ಈಗ ಕೆಪಿಎಸ್‌ಸಿ, ಅಂದರೆ ಕರ್ನಾಟಕ ಲೋಕಸೇವಾ ಆಯೋಗದ 2011ರ ಬ್ಯಾಚಿಗೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲಬೇಕು. ಗೆಜೆಟೆಡ್ ಪ್ರೊಬೇಷನರ್, ಅಂದರೆ ರಾಜ್ಯ ಸರ್ಕಾರದ ಅಧಿಕಾರಿಗಳ 362 ಹುದ್ದೆ. ಸಂದರ್ಶನಕ್ಕೆ ಆಗ 200 ಅಂಕ. ಅಂಕಕ್ಕಾಗಿ ಲಂಚ ನಡೆದಿದೆ ಎಂಬ ದೂರು ಬಂತು, 2013ರಲ್ಲಿ ಸಿಐಡಿ ತನಿಖೆ ನಡೆಯಿತು, 2014ರಲ್ಲಿ ಸರ್ಕಾರ ಪಟ್ಟಿಯನ್ನೇ ಹಿಂದಕ್ಕೆ ಪಡೆಯಿತು. ಆಯ್ಕೆಯಾದವರು ಕೆಎಟಿಗೆ, ಅಂದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ ಹೋದರು. 2016ರಲ್ಲಿ ಅಲ್ಲಿ ಗೆದ್ದರು. 2018ರ ಮಾರ್ಚ್‌ನಲ್ಲಿ ಹೈಕೋರ್ಟ್ ಆ ಆದೇಶವನ್ನು ಬದಿಗೆ ಸರಿಸಿತು. ಮುಗಿಯಿತು ಅಂದುಕೊಂಡರೆ, 2022ರಲ್ಲಿ ಶಾಸಕಾಂಗ ಒಂದು ಕಾಯ್ದೆಯನ್ನೇ ಮಾಡಿ ಆ ಆಯ್ಕೆಯನ್ನು ಊರ್ಜಿತಗೊಳಿಸಿತು. ಲೆಕ್ಕ ಹಾಕಿ, ಅರ್ಜಿ ಹಾಕುವಾಗ ಇಪ್ಪತ್ತೈದರ ಪ್ರಾಯದವರಿಗೆ ಅಷ್ಟರಲ್ಲಿ ಮೂವತ್ತಾರು. ಆ 362 ಮಂದಿಯಲ್ಲಿ ದುಡ್ಡು ಕೊಡದೆ, ಯಾರ ಶಿಫಾರಸೂ ಇಲ್ಲದೆ ಬರೆದು ಪಾಸಾದವರು ಖಂಡಿತ ಇದ್ದರು. ಪಟ್ಟಿಯಿಂದ ಹೊರಗೆ ಉಳಿದವರಲ್ಲಿ ಸಂದರ್ಶನದ ಅಂಕದಿಂದಲೇ ಸೋತವರೂ ಇದ್ದರು. ಇಬ್ಬರಿಗೂ ನ್ಯಾಯ ಸಿಗುವ ಒಂದು ತೀರ್ಪು ಇತ್ತೇ? ಇರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಈಗ ಸಂದರ್ಶನದ ಅಂಕ 25ಕ್ಕೆ ಇಳಿದಿದೆ. ಎಷ್ಟೋ ಕೋರ್ಟ್ ಆದೇಶಗಳಿಗಿಂತ ಈ ಒಂದು ಬದಲಾವಣೆಯೇ ದೊಡ್ಡ ಉಪಕಾರ.

ಪಿಎಸ್‌ಐ, ಅಂದರೆ ಪೊಲೀಸ್ ಸಬ್‌ ಇನ್‌ಸ್ಪೆಕ್ಟರ್ ಪರೀಕ್ಷೆಯದು ಬೇರೆ ಬಗೆ. 545 ಹುದ್ದೆ, 2021ರ ಅಕ್ಟೋಬರ್ 3ರ ಪರೀಕ್ಷೆ, 50 ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳು. ಅಲ್ಲಿ ಸಂದರ್ಶನದ ಗೊಡವೆಯೇ ಇರಲಿಲ್ಲ. ಯಂತ್ರ ಓದುವ ಒಎಂಆರ್ ಉತ್ತರ ಹಾಳೆಯಲ್ಲಿ ಖಾಲಿ ಬಿಟ್ಟಿದ್ದ ವೃತ್ತಗಳನ್ನು ಆಮೇಲೆ ಯಾರೋ ತುಂಬಿದ್ದರು. ಸಿಕ್ಕಿಬಿದ್ದದ್ದು ಹೇಗೆ? ಅಭ್ಯರ್ಥಿ ಮನೆಗೆ ತರುವ ಕಾರ್ಬನ್ ಪ್ರತಿಯಿದೆಯಲ್ಲ, ಅದರಲ್ಲಿ ಕೆಲವೇ ಗುರುತು, ಅಂಕ ಮಾತ್ರ ಮುಗಿಲೆತ್ತರ! ಸರ್ಕಾರ 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದು ಮಾಡಿತು. ‘ಕಳಂಕಿತರನ್ನು ಬೇರ್ಪಡಿಸಿ, ನಮಗೇಕೆ ಶಿಕ್ಷೆ’ ಎಂದು ಉಳಿದವರು ಹೈಕೋರ್ಟಿಗೆ ಹೋದರು. 2023ರ ನವೆಂಬರ್‌ನಲ್ಲಿ ಕೋರ್ಟು ಮರುಪರೀಕ್ಷೆಯೇ ಆಗಲಿ ಎಂದಿತು, 2024ರ ಜನವರಿಯಲ್ಲಿ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅದನ್ನು ನಡೆಸಿತು. ಕಾಳು ಜಳ್ಳು ಬೇರೆ ಮಾಡಲು ಸಾಧ್ಯವಿದ್ದರೆ ಮಾಡಬೇಕು, ಆಗದಷ್ಟು ಬೆರೆತಿದ್ದರೆ ಇಡೀ ರಾಶಿಯನ್ನೇ ಬಿಡಬೇಕು, ಇದು ಕೋರ್ಟುಗಳು ಹಿಡಿದಿರುವ ಅಳತೆ.

ನಮ್ಮಲ್ಲಿ ಪ್ರತಿ ಸಭೆಯಲ್ಲೂ ಏಳುವ ಪ್ರಶ್ನೆ ಒಂದಿದೆ: ಕೊಡಗಿನ ಹುದ್ದೆ ಕೊಡಗಿನವರಿಗೇ ಏಕಿಲ್ಲ? ಬೇರೆ ಜಿಲ್ಲೆಯವರು ಇಲ್ಲಿಗೆ ಬರುತ್ತಾರೆ, ಒಂದು ಮಳೆಗಾಲ ಕಂಡ ಕೂಡಲೇ ವರ್ಗಾವಣೆಗೆ ಓಡಾಡುತ್ತಾರೆ, ಕುರ್ಚಿ ಖಾಲಿ. ಈ ಸಂಕಟ ನಿಜ. ಆದರೆ ಹುಟ್ಟಿದ ಊರು, ವಾಸದ ಜಾಗ ನೋಡಿ ಸರ್ಕಾರಿ ಕೆಲಸದಲ್ಲಿ ಭೇದ ಮಾಡಬಾರದು ಎನ್ನುತ್ತದೆ ಸಂವಿಧಾನದ 16(2)ನೇ ವಿಧಿ. ರಾಜಸ್ಥಾನದಲ್ಲಿ ಶಿಕ್ಷಕರ ನೇಮಕಕ್ಕೆ ಅದೇ ಜಿಲ್ಲೆಯವರಿಗೆ, ಹಳ್ಳಿಯವರಿಗೆ ಹೆಚ್ಚುವರಿ ಅಂಕ ಕೊಟ್ಟಿದ್ದನ್ನು 2002ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಲ್ಯಾಣ ಕರ್ನಾಟಕದವರಿಗೆ ಸ್ಥಳೀಯ ಮೀಸಲಾತಿ ಇದೆಯಲ್ಲ ಅನ್ನುತ್ತೀರಿ. ಹೌದು, ಅದಕ್ಕೆ ಸಂವಿಧಾನವನ್ನೇ ತಿದ್ದಿ 371(ಜೆ) ಸೇರಿಸಬೇಕಾಯಿತು. ಹಾಗಾಗಿ ಇದು ರಾಜಕೀಯವಾಗಿ ಕೇಳಬೇಕಾದ ಬೇಡಿಕೆ. ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ ಗೆಲ್ಲುತ್ತೇವೆ ಎಂದು ಯಾರಾದರೂ ಚಂದಾ ಎತ್ತಿದರೆ ಕೊಡಬೇಡಿ.

ಇನ್ನು ನಿಮ್ಮದೇ ಕೇಸಿನ ವಿಷಯ. ಕೀ ಉತ್ತರ, ಅಂದರೆ ಪರೀಕ್ಷೆ ನಡೆಸಿದವರು ಪ್ರಕಟಿಸುವ ಸರಿ ಉತ್ತರ, ತಪ್ಪು ಅನ್ನಿಸಿದರೆ ಆಕ್ಷೇಪಣೆಗೆ ಕೊಟ್ಟ ಗಡುವಿನೊಳಗೇ ಪಠ್ಯಪುಸ್ತಕದ ಪುಟ ಸಮೇತ ಬರೆದು ಹಾಕಿ. ಕೀ ಉತ್ತರ ಸರಿಯೆಂದೇ ಕೋರ್ಟು ಮೊದಲು ಭಾವಿಸುತ್ತದೆ, ತಪ್ಪು ಎದ್ದು ಕಾಣುವಂತಿದ್ದರೆ ಮಾತ್ರ ಕೈ ಹಾಕುತ್ತದೆ. ಅಧಿಸೂಚನೆಯಲ್ಲೇ ದೋಷ ಕಂಡರೆ ಆಗಲೇ ಪ್ರಶ್ನಿಸಿ. ಪರೀಕ್ಷೆ ಬರೆದು, ಸಂದರ್ಶನ ಮುಗಿಸಿ, ಫೇಲಾದ ಮೇಲೆ ಕ್ರಮವೇ ಸರಿಯಿಲ್ಲ ಅಂದರೆ, ಇಷ್ಟು ದಿನ ಎಲ್ಲಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಆಯ್ಕೆ ಪಟ್ಟಿಯನ್ನೇ ಪ್ರಶ್ನಿಸುವುದಾದರೆ ಪಟ್ಟಿಯಲ್ಲಿರುವವರನ್ನೂ ಪ್ರತಿವಾದಿ ಮಾಡಬೇಕು, ಇದನ್ನು ಮರೆತು ಬಿದ್ದುಹೋದ ಅರ್ಜಿಗಳು ಬಹಳ. ಕೆಎಟಿಗೆ ಸಾಮಾನ್ಯವಾಗಿ ಅಂತಿಮ ಆದೇಶ ಬಂದ ದಿನದಿಂದ ಒಂದು ವರ್ಷದ ಗಡುವು. ಅಲ್ಲಿ ಸೋತರೆ ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ಹೋಗಬಹುದು, ಸುಪ್ರೀಂ ಕೋರ್ಟಿನ 1997ರ ಚಂದ್ರಕುಮಾರ್ ತೀರ್ಪು ಆ ಬಾಗಿಲು ತೆರೆದಿಟ್ಟಿದೆ.

ಬೆಳಗಾವಿ, ಕಲಬುರಗಿಗಳಲ್ಲಿ ಕೆಎಟಿ ಪೀಠಗಳಿವೆ, ನಮಗೆ ಮಾತ್ರ ಬೆಂಗಳೂರೇ ಗತಿ. ರೈಲಿಲ್ಲದ ಜಿಲ್ಲೆಯಿಂದ ಒಂದು ವಾಯಿದೆಗೆ ಹೋಗಿ ಬರಲು ಕೂಲಿ ಮನೆಯ ಹುಡುಗಿಗೆ ಎಷ್ಟು ಖರ್ಚಾಗುತ್ತದೆ, ನೀವೇ ಹೇಳಿ. ಮೈಸೂರಿನಲ್ಲಿ ತಿಂಗಳಿಗೊಮ್ಮೆಯಾದರೂ ಕಲಾಪ ನಡೆಸಿ ಎಂಬ ಮನವಿಯ ಕರಡು ಈ ಮೇಜಿನ ಮೇಲಿದೆ, ಒಪ್ಪುವವರು ಸಹಿ ಹಾಕಿ. ಅಧಿಸೂಚನೆ, ಒಎಂಆರ್ ಪ್ರತಿ ತಂದವರು ಮುಂದಿನ ಸಾಲಿಗೆ ಬನ್ನಿ, ನೋಡೋಣ.